ಗಂಗೂ ಅಡ್ಮಿಟ್ ಆದ ಸುದ್ದಿ

ಆ ಕಾಲಕ್ಕೆ ಅತನೂರಿನಲ್ಲಿ ಅಡ್ಮಿಟ್ ಎಂಬ ಮಾತಿಗೆ ಇದ್ದದ್ದು ಒಂದೇ ಅರ್ಥ. ದವಾಖಾನೆಯ ಕಬ್ಬಿಣದ ಮಂಚ, ಕೈಗೆ ಚುಚ್ಚಿದ ಸಲಾಯಿನು, ತಲೆದೆಸೆಗೆ ಬ್ರೆಡ್ಡಿನ ಪೊಟ್ಟಣ. ಇಂಥವರು ಅಡ್ಮಿಟ್ ಆದರಂತೆ ಎಂದು ಕಿವಿಗೆ ಬಿದ್ದರೆ ಮೊದಲು "ಅಯ್ಯೋ ಶಿವನೇ" ಅನ್ನಬೇಕು, ಆಮೇಲೆ "ಯಾವ ದವಾಖಾನಿ?" ಅಂತ ಕೇಳಬೇಕು. ಶಾಲೆಗೆ ಹೋಗುವ ಮಕ್ಕಳು ಅಡ್ಮಿಟ್ ಆಗುತ್ತಿರಲಿಲ್ಲ. ಅವರ 'ಹೆಸರು ಹಚ್ಚುತ್ತಿದ್ದರು'. ಒಂದು ಸುಖದ ಮಾತು, ಒಂದು ದುಃಖದ ಮಾತು. ಎರಡನ್ನೂ ಯಾರೂ ಕಲೆಸಿದ್ದಿಲ್ಲ.

ಎಂಬತ್ತೈದು ಎಂಬತ್ತಾರರ ಸುಮಾರಿನ ಒಂದು ಶುಕ್ರವಾರ, ಇಳಿಹೊತ್ತಿಗೆ, ಗುಲಬರ್ಗಾದಿಂದ ಬಂದ ಬಸ್ಸು ಬೇವಿನ ಗಿಡದ ಕೆಳಗೆ ನಿಂತಿತು. ನಿಂಬೆವ್ವ ಅಲ್ಲೇ ಕಟ್ಟೆಯ ಮೇಲೆ ತೊಗರಿ ಕೇರುತ್ತಿದ್ದಳು. ಕಂಡಕ್ಟರ್ ರಸೂಲ ಬಾಗಿಲಲ್ಲೇ ಜೋತುಬಿದ್ದು ಕೂಗಿದ:

"ನಿಂಬೆವ್ವ ಆಯಿ! ನಿಮ್ಮ ಗಂಗೂ ಹೇಳಿ ಕಳಿಸ್ಯಾಳ!"

ನಿಂಬೆವ್ವನ ಮೊಮ್ಮಗಳು ಗಂಗಾಬಾಯಿ ಅಫಜಲಪುರದ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮುಂದೆ ಎಂ.ಎ. ಓದಬೇಕೆಂದು ಗುಲಬರ್ಗಾಕ್ಕೆ ಹೋಗಿ ಒಂದು ವಾರವಾಗಿತ್ತು. ಅಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ಹೋಗಲಿ ಬಿಡು ಎಂದು ಮಗ ದೌಲತರಾಯನ ಎದುರು ಹಟ ಹಿಡಿದವಳು ನಿಂಬೆವ್ವನೇ. "ಹುಡುಗಿ ಒಬ್ಬಾಕೆ, ದೊಡ್ಡ ಊರು" ಎಂದು ಅವನು ರಾಗ ಎಳೆದರೆ, "ಊರು ದೊಡ್ಡದಾದ್ರ ಅಕಿ ಸಣ್ಣಕಿ ಆಗ್ತಾಳೇನು?" ಎಂದು ಬಾಯಿ ಮುಚ್ಚಿಸಿದ್ದಳು. ಹಾಗಾಗಿ ಗಂಗೂವಿನ ಸುದ್ದಿ ಎಂದರೆ ನಿಂಬೆವ್ವನಿಗೇ ಸೇರಬೇಕಾದ ಸುದ್ದಿ.

ಪತ್ರ ಹಾಕಿದರೆ ನಾಕು ದಿನ. ರಸೂಲನ ಬಾಯಿಗೆ ಹಾಕಿದರೆ ಅದೇ ದಿನ. ಆ ದಾರಿಯ ಹಳ್ಳಿಗಳೆಲ್ಲ ಹೀಗೇ ನಡೆದುಕೊಂಡಿದ್ದವು. ಹೆರಿಗೆಯಾದದ್ದು, ಎಮ್ಮೆ ಈದದ್ದು, ಬೀಗರು ಮುನಿದದ್ದು ಎಲ್ಲವೂ ಟಿಕೆಟಿನ ಜೊತೆಗೇ ಬರುತ್ತಿದ್ದವು. ಗಂಗೂ ಹೇಳಿದ್ದನ್ನು ರಸೂಲ ಗುಲಬರ್ಗಾದಿಂದ ಬಾಯಿಪಾಠ ಮಾಡುತ್ತಲೇ ಬಂದಿದ್ದ. ಆದರೆ ನಡುವೆ ಚಿಲ್ಲರೆ ಜಗಳ, ಯಾರದೋ ಬುಟ್ಟಿಯಿಂದ ಜಿಗಿದ ಕೋಳಿ, ಹೀಗೆ ಅಡ್ಡಿಗಳು ಬಂದು ಪಾಠದ ಸಣ್ಣಪುಟ್ಟ ಮಾತುಗಳು ಉದುರಿಹೋಗಿ ದೊಡ್ಡ ದೊಡ್ಡ ಮಾತುಗಳಷ್ಟೇ ಉಳಿದಿದ್ದವು.

"ಪ್ರೊವಿಜನಲ್ ಅಡ್ಮಿಟ್ ಆಗೇದಂತ! ಟಿ.ಸಿ...." ಅಷ್ಟರಲ್ಲಿ ಡ್ರೈವರ್ ಎಂಜಿನ್ ಗುರ್ರೆನ್ನಿಸಿದ. ಮುಂದಿನ ಮಾತು ಹೊಗೆಯಲ್ಲಿ ಹೋಯಿತು. "...ನಾಳಿ ಶನಿವಾರ ನಾಕರ ಒಳಗ ಅಪ್ಪಾರ್ನ ಕರ್ಕೊಂಡು ಬರಬೇಕಂತ! ಇಲ್ಲಂದ್ರ ಕ್ಯಾನ್ಸಲ್!"

ರೈಟ್ ಎಂದು ಗಂಟೆ ಎಳೆದ. ಬಸ್ಸು ಹೋಯಿತು. ಮೊರದಲ್ಲಿದ್ದ ತೊಗರಿ ನೆಲಕ್ಕೆ ಬಿತ್ತು.

ಮೊದಲು ಓಡಿ ಬಂದವಳು ಪಕ್ಕದ ಮನೆಯ ಹಮೀದಾಬೇಗಂ. ಆಕೆಯ ಗಂಡ ಹಿಂದೊಮ್ಮೆ ಸೊಲ್ಲಾಪುರದ ದವಾಖಾನೆಯಲ್ಲಿ ಎರಡು ತಿಂಗಳು ಮಲಗಿ ಎದ್ದು ಬಂದಿದ್ದ. ಅಂದಿನಿಂದ ಊರಿನಲ್ಲಿ ಯಾರಿಗೆ ಏನೇ ಆದರೂ ಹಮೀದಾಳನ್ನು ಕೇಳುವುದು ವಾಡಿಕೆಯಾಗಿತ್ತು. ಕೇಳದಿದ್ದರೂ ಆಕೆ ಹೇಳುತ್ತಿದ್ದಳು.

"ಏನಂದಾ ಅಂವ? ಒಂದೊಂದೇ ಹೇಳು ಬೇ" ಎಂದು ಹಮೀದಾ ನಿಂಬೆವ್ವನ ಪಕ್ಕ ಕೂತಳು.

"ಅಡ್ಮಿಟ್ ಆಗೇದಂತ."

"ಯಾ ಅಲ್ಲಾ. ಮುಂದ?"

"ಅದರ ಮೊದಲ ಏನೋ ಅಂದ. ಪ್ರೊವಿಜನಾ ಏನೋ."

"ಅದು ಖುಲ್ಲಾ ಅದ. ಅಫಜಲಪುರದ ಬಜಾರದಾಗ ಬೋರ್ಡ್ ನೋಡಿಲ್ಲೇನು, ಪ್ರೊವಿಜನ್ ಸ್ಟೋರ್ ಅಂತ? ಕಿರಾಣಿ. ದೊಡ್ಡ ದವಾಖಾನ್ಯಾಗ ಊಟಾ ಕೊಡೂದಿಲ್ಲ. ಹಿಟ್ಟು ಬ್ಯಾಳಿ ನಾವೇ ಒಯ್ಯಬೇಕು. ಸೊಲ್ಲಾಪುರದಾಗ ನಾ ಎರಡು ತಿಂಗಳು ಸ್ಟೋ ಮ್ಯಾಲ ಕುದಿಸಿ ಹಾಕೇನಿ."

"ಟಿ.ಸಿ. ಅಂದ" ಎಂದಳು ನಿಂಬೆವ್ವ ಮೆಲ್ಲಗೆ.

ಹಮೀದಾ ಬೆರಳು ಮಡಚಿ ಏನೋ ಎಣಿಸತೊಡಗಿದಳು. ಆಕೆ ತಟ್ಟನೆ ಹೇಳದಿದ್ದದ್ದೇ ಒಂದು ಕೆಟ್ಟ ಶಕುನ. ನಿಂಬೆವ್ವ ಆಕೆಯ ಮುಖವನ್ನೇ ನೋಡಿದಳು.

"ಟಿ.ಬಿ. ಅಂತ ನಾ ಕೇಳೇನಿ" ಎಂದಳು ಹಮೀದಾ ಕೊನೆಗೆ. "ಸೊಲ್ಲಾಪುರದಾಗ ಅದಕ್ಕ ಬ್ಯಾರೆ ವಾರ್ಡ್ ಇತ್ತು. ಇದು ಟಿ.ಸಿ. ಬಿ ಆದ ಮ್ಯಾಲ ಸಿ ಅಲ್ಲೇನು? ಅದರ ಮುಂದಿಂದು ಇರಬೇಕು."

"ಇಲ್ಲಂದ್ರ ಕ್ಯಾನ್ಸಲ್ ಅಂದ, ಹಮೀದಾ."

ಕ್ಯಾನ್ಸಲ್ ಎಂಬುದು ಮಾತ್ರ ಊರಿಗೆಲ್ಲ ಗೊತ್ತಿದ್ದ ಮಾತು. ಬಸ್ಸು ಕ್ಯಾನ್ಸಲ್ ಆದರೆ ಬರುವುದಿಲ್ಲ. ಎಷ್ಟು ದಾರಿ ಕಾದರೂ ಬರುವುದಿಲ್ಲ. ಮನುಷ್ಯರು ಕ್ಯಾನ್ಸಲ್ ಆದರೆ ಏನು ಎಂದು ನಿಂಬೆವ್ವ ಕೇಳಲಿಲ್ಲ, ಹಮೀದಾ ಹೇಳಲಿಲ್ಲ.

ಶಾಲೆಯ ಮಾಸ್ತರರನ್ನು ಕೇಳಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಬಿಮಾರಿಯ ಮಾತನ್ನು ಮಾಸ್ತರರಿಗೆ ಯಾಕೆ ಕೇಳಬೇಕು? ಯಾರಿಗೂ ಹೊಳೆಯಲಿಲ್ಲ. ಹೊಲದಿಂದ ಬಂದ ದೌಲತರಾಯ ಸುದ್ದಿ ಕೇಳಿ ಬಾರುಕೋಲು ಹಿಡಿದುಕೊಂಡೇ ಹೊಸ್ತಿಲ ಮೇಲೆ ಕುಳಿತುಬಿಟ್ಟ. ತಾಯಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಿಂಬೆವ್ವನಿಗೆ ಹಗುರಾಗುತ್ತಿತ್ತು. ಓದಿ ಓದಿ ಕಣ್ಣು ಒಳಗೆ ಹೋಗಿವೆ ಎಂದು ತಾನೇ ಎಷ್ಟು ಸಲ ಅಂದಿದ್ದಳು, ಆದರೂ ಹೋಗು ಎಂದು ಕಳಿಸಿದವಳು ತಾನೇ.

ಅಳುವುದು ನಿಂಬೆವ್ವನ ಸ್ವಭಾವದಲ್ಲಿರಲಿಲ್ಲ. ಕೈ ಖಾಲಿ ಇದ್ದರೆ ಕಣ್ಣು ತುಂಬುತ್ತದೆ ಎಂದು ಬಲ್ಲವಳು ಆಕೆ. ಜೋಳದ ರೊಟ್ಟಿ ಬಡಿದಳು. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿದಳು. ಹಿಟ್ಟು, ಬೇಳೆ, ಸ್ಟೋ, ಉಪ್ಪಿನಕಾಯಿಯ ಭರಣಿ, ಹೊದೆಯಲು ಒಂದು ಕೌದಿ, ಎಲ್ಲವನ್ನೂ ಗಂಟು ಕಟ್ಟಿದಳು. ಕಟ್ಟಿದ ಗಂಟನ್ನು ಮತ್ತೆ ಬಿಚ್ಚಿ, ಗಂಗೂ ಮಲಗುವಲ್ಲಿ ಗೂಡಿನಲ್ಲಿದ್ದ ಹಸಿರು ರಟ್ಟಿನ ದಪ್ಪ ಪುಸ್ತಕವನ್ನು ಭರಣಿಯ ಪಕ್ಕ ತುರುಕಿದಳು.

"ಬಿಮಾರ ಬಿದ್ದಾಕಿಗೆ ಪುಸ್ತಕ ಯಾಕ ಬೇ?" ಎಂದಳು ಹಮೀದಾ.

"ಪುಸ್ತಕ ಕೈಯಾಗ ಇಲ್ಲಂದ್ರ ಅಕಿ ತುತ್ತು ನುಂಗೂದಿಲ್ಲ. ಸಣ್ಣಾಕಿ ಇದ್ದಾಗಿಂದ ಹಂಗೇ."

ಮರುದಿನ ಮುಂಜಾನೆ ಮೊದಲು ಅಫಜಲಪುರಕ್ಕೆ ಹೋದರು. ಅಡ್ಮಿಟ್ ಆದವರನ್ನು ನೋಡಲು ಬ್ರೆಡ್ಡು ಮೋಸಂಬಿ ಇಲ್ಲದೆ ಹೋಗುವುದುಂಟೇ? ಅತನೂರಿನಲ್ಲಿ ಬ್ರೆಡ್ಡು ಸಿಗುತ್ತಿರಲಿಲ್ಲ, ಗುಲಬರ್ಗಾದ ಬಸ್ಸು ಹೊರಡುವುದೂ ಅಫಜಲಪುರದಿಂದಲೇ. ಬಸ್ ನಿಲ್ದಾಣದಲ್ಲಿ ತಾಯಿಯನ್ನೂ ಹಮೀದಾಳನ್ನೂ ಗಂಟಿನ ಸಮೇತ ಕೂರಿಸಿ ದೌಲತರಾಯ ಬಜಾರಿಗೆ ಹೋದ.

ನಿಂಬೆವ್ವ ಬೆಂಚಿನ ಮೇಲೆ ಕಲ್ಲಿನಂತೆ ಕೂತಿದ್ದಳು. ಇಬ್ಬರ ಪಾಲಿನ ಅಳುವನ್ನೂ ಹಮೀದಾ ಒಬ್ಬಳೇ ಅಳುತ್ತಿದ್ದಳು. ನಿಲ್ದಾಣದಲ್ಲಿ ಅಳುವ ಹೆಂಗಸನ್ನು ಕಂಡರೆ ಜನ ಸೇರುವುದು ತಡವಲ್ಲ.

"ಏನಾಗೇದ್ರಿ ಅಮ್ಮಾ?"

"ಟಿ.ಸಿ. ಆಗೇದ್ರೀ! ಚಿನ್ನದಂಥ ಹುಡುಗಿಗೆ ಟಿ.ಸಿ. ಆಗೇದ್ರೀ!"

ತಲೆಗೆ ಪಟಗ ಸುತ್ತಿದ್ದ ರೈತನೊಬ್ಬ ತಲೆ ಕೆರೆದುಕೊಂಡ. "ಟಿ.ಸಿ. ಅಂದ್ರ ಕರೆಂಟಿನ ಟಿ.ಸಿ. ಏನ್ರಿ, ಕಂಬದ ಮ್ಯಾಲಿನ ಟ್ರಾನ್ಸ್‌ಫಾರ್ಮರ್? ನಮ್ಮ ಹೊಲದಾಗಿಂದು ಸುಟ್ಟು ತಿಂಗಳಾತು. ಖರೇ ಹೇಳಬೇಕಂದ್ರ ನಾನೂ ಇಷ್ಟು ಅತ್ತಿಲ್ಲ ನೋಡ್ರಿ."

"ನಿನ್ನ ಬಾಯಿ ಸುಡಲಿ" ಎಂದು ಹಮೀದಾ ಅಳು ನಿಲ್ಲಿಸದೆಯೇ ಬೈದಳು.

ಆಚೆ ಹೋಟೆಲಿನ ಬಾಗಿಲಲ್ಲಿ ನಿಂತು ಬಸಿಯಲ್ಲಿ ಚಹಾ ಆರಿಸುತ್ತಿದ್ದ ಒಬ್ಬರು ಬಸಿಯನ್ನು ಹಿಡಿದುಕೊಂಡೇ ಹತ್ತಿರ ಬಂದರು. ಕಾಲೇಜಿನ ಗುಮಾಸ್ತ ಶರಫುದ್ದೀನ. ಟಿ.ಸಿ. ಎಂಬ ಮಾತು ಕೇಳಿದರೆ ಎಲ್ಲಿದ್ದರೂ ತಿರುಗಿ ನೋಡುವುದು ಅವರಿಗೆ ಅಭ್ಯಾಸವಾಗಿತ್ತು.

"ಯಾರಿಗ್ರಿ ಟಿ.ಸಿ.?" ಎಂದು ನಿಂಬೆವ್ವನನ್ನು ಕೇಳಿದರು.

"ನನ್ನ ಮೊಮ್ಮಗಳಿಗ್ರಿ. ಗಂಗಾಬಾಯಿಗೆ."

"ಅತನೂರಿನ ಗಂಗಾಬಾಯಿ? ಬಿ.ಎ. ಫಸ್ಟ್ ಕ್ಲಾಸ್ ಬಂದಾಕಿ?"

"ಹೌದ್ರಿ. ಗುಲಬರ್ಗಾದಾಗ ಅಡ್ಮಿಟ್ ಆಗ್ಯಾಳ."

ಶರಫುದ್ದೀನರ ಮುಖ ಹೊಳೆಯಿತು. ಬಸಿಯಲ್ಲಿದ್ದ ಚಹಾ ಅರ್ಧ ಚೆಲ್ಲಿತು. "ಮಾಶಾ ಅಲ್ಲಾ! ಅಡ್ಮಿಟ್ ಆದಳಾ? ಭಾಳ ಖುಷಿ ಆತು ನೋಡ್ರಿ ಅಮ್ಮಾ!"

ಹಮೀದಾಳ ಅಳು ಅರ್ಧಕ್ಕೇ ನಿಂತಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ಏ ಗಡ್ಡದಪ್ಪಾ! ಹುಡುಗಿ ದವಾಖಾನ್ಯಾಗ ಬಿದ್ದದ ಅಂದ್ರ ಮಾಶಾ ಅಲ್ಲಾ ಅಂತೀಯಲ್ಲ, ನಿನಗ ಹೆಣ್ಣುಮಕ್ಕಳಿಲ್ಲೇನು?"

"ದವಾಖಾನಿ? ಯಾವ ದವಾಖಾನಿ?"

"ನಮಗೇನು ಗೊತ್ತು? ರಸೂಲ ಹೇಳಿದ. ಕಿರಾಣಿ ತಗೊಂಡು ಬರ್ರಿ, ಅಡ್ಮಿಟ್ ಆಗೇದ, ಟಿ.ಸಿ. ಆಗೇದ, ಇವತ್ತ ನಾಕರ ಒಳಗ ಬರದಿದ್ರ ಹುಡುಗಿ ಕ್ಯಾನ್ಸಲ್!"

ಶರಫುದ್ದೀನರು ಬಸಿಯನ್ನು ನೆಲದ ಮೇಲಿಟ್ಟರು. ನಗು ಬಂತು, ಆದರೆ ನಿಂಬೆವ್ವನ ಮುಖ ನೋಡಿ ಅದನ್ನು ಗಡ್ಡದಲ್ಲೇ ಅಡಗಿಸಿಕೊಂಡು ಆಕೆಯ ಎದುರು ಕುಕ್ಕರಗಾಲಿನಲ್ಲಿ ಕುಳಿತರು.

"ಅಮ್ಮಾ, ನಾ ಹೇಳೂದು ಸಾವಕಾಶ ಕೇಳ್ರಿ. ಯುನಿವರ್ಸಿಟಿಯೊಳಗ ಅಡ್ಮಿಟ್ ಅಂದ್ರ ಹೆಸರು ಹಚ್ಕೊಂಡ್ರು ಅಂತ ಅರ್ಥ. ನಿಮ್ಮ ಹುಡುಗಿ ಹೆಸರು ಎಂ.ಎ.ಕ್ಕ ಹಚ್ಕೊಂಡಾರ."

"ಹೆಸರು ಹಚ್ಕೊಂಡಾರ?"

"ಹಚ್ಕೊಂಡಾರ. ಪ್ರೊವಿಜನಲ್ ಅಂದ್ರ ಕಿರಾಣಿ ಅಲ್ಲ. ಹೆಣ್ಣು ಒಪ್ಪಿಗಿ ಆಗೇದ, ಅಕ್ಕಿಕಾಳು ಇನ್ನಾ ಬಿದ್ದಿಲ್ಲ, ಹಂಗ. ಟಿ.ಸಿ. ಅಂದ್ರ ಹಳೇ ಸಾಲಿ ಬಿಟ್ಟದ್ದಕ್ಕ ಕೊಡೋ ಕಾಗದ. ಅದು ಬಿಮಾರಿ ಅಲ್ಲ, ನನ್ನ ಕಪಾಟಿನ್ಯಾಗ ಇರ್ತದ."

ನಿಂಬೆವ್ವ ಅಷ್ಟಕ್ಕೆ ನಂಬಲಿಲ್ಲ. "ಅಂದ್ರ ಅಕಿ ಮಲಗಿಲ್ಲ?"

"ಇಲ್ಲ."

"ನಿಂತಾಳ?"

"ನಿಂತಾಳಮ್ಮಾ. ಸಾಲಿನ್ಯಾಗ ನಿಂತಾಳ. ಇವತ್ತು ಕಾಗದ ತೋರಿಸೋ ಸರದಿ ಇರಬೇಕು, ಅದಕ್ಕೇ ತಾನು ಬರದೆ ಹೇಳಿ ಕಳಿಸ್ಯಾಳ."

ಆಗ ನಿಂಬೆವ್ವ ಅತ್ತಳು. ಶುಕ್ರವಾರದಿಂದ ಕಟ್ಟಿಕೊಂಡದ್ದೆಲ್ಲ ಬಂತು. ಸೆರಗಿನಿಂದ ಮುಖ ಮುಚ್ಚಿಕೊಂಡು, ಭುಜ ಅಲುಗಿಸಿ, ನಗುತ್ತಲೂ ಅತ್ತಳು. ಸೇರಿದ್ದ ಜನ ನಕ್ಕರು. ಪಟಗದ ರೈತ, "ನಾ ಆಗಲೇ ಅಂದೆ, ಬಿಮಾರಿ ಅಲ್ಲಂತ" ಎಂದು ಸುಳ್ಳು ಹೇಳಿದ. ಹಮೀದಾ ಮಾತ್ರ ತನ್ನ ಪಾಂಡಿತ್ಯಕ್ಕಾದ ಗಾಯವನ್ನು ಸಂಭಾಳಿಸುತ್ತ, "ಸೊಲ್ಲಾಪುರದಾಗ ಹಂಗೇ ಇತ್ತು" ಎಂದು ಗೊಣಗಿದಳು.

ಎರಡು ಬ್ರೆಡ್ಡು, ಒಂದು ಚೀಲ ಮೋಸಂಬಿ ಹಿಡಿದು ಬಂದ ದೌಲತರಾಯನಿಗೆ ಎಲ್ಲರೂ ಒಟ್ಟಿಗೆ ಹೇಳಹೋಗಿ ಅವನಿಗೆ ಏನೂ ತಿಳಿಯಲಿಲ್ಲ. ಶರಫುದ್ದೀನರು ಅವನ ರಟ್ಟೆ ಹಿಡಿದರು. "ನಗೂದು ಆಮ್ಯಾಲ. ಕ್ಯಾನ್ಸಲ್ ಅನ್ನೋದು ಮಾತ್ರ ಖರೇ ಅದ. ನಾಕರ ಒಳಗ ಟಿ.ಸಿ. ಮುಟ್ಟದಿದ್ರ ಸೀಟು ಹೋಗ್ತದ. ನಡೀರಿ ಜಲ್ದಿ."

ಕಾಲೇಜಿನ ಕಚೇರಿಯಲ್ಲಿ ಶರಫುದ್ದೀನರು ಬೀಗ ತೆಗೆದು, ಲೇಖನಿಗೆ ಮಸಿ ತುಂಬಿ ಬರೆಯತೊಡಗಿದರು. ನಿಂಬೆವ್ವ ಮೇಜಿನ ಅಂಚು ಹಿಡಿದು, ಅದು ಹೋದ ಕಡೆಯೆಲ್ಲ ಕಣ್ಣು ಹಾಯಿಸಿದಳು.

"ಅದೇನು ಬರದ್ರಿ?"

"ನಡತೆ ಉತ್ತಮ ಅಂತ."

"ಅದನ್ನ ನನಗ ಕೇಳಬೇಕಿತ್ತು ನೀವು. ಅಕಿಗೆ ಸಿಟ್ಟು ಭಾಳ. ಬರಕೋರಿ."

"ಜಾಗಾ ಸಣ್ಣದು ಅದಮ್ಮಾ. ಸಿಟ್ಟು ಹಿಡಿಸೂದಿಲ್ಲ."

"ಹಂಗಂದ್ರ ಬಿಡ್ರಿ. ಇದು?"

"ಬಿಟ್ಟು ಹೋಗೋ ಕಾರಣ. ಮುಂದಿನ ಓದಿಗೆ ಅಂತ ಬರದೇನಿ."

ನಿಂಬೆವ್ವ ಆ ಸಾಲನ್ನು ಬೆರಳಿನಿಂದ ಮುಟ್ಟಲು ಹೋಗಿ, ಮಸಿ ಹಸಿ ಇದೆಯೆಂದು ಕೈ ಹಿಂದೆಗೆದಳು. ಬಿಡುವುದಕ್ಕೂ ಇಂಥ ಕಾರಣವೊಂದು ಇರುತ್ತದೆಂದು ಆಕೆಗೆ ಗೊತ್ತಿರಲಿಲ್ಲ. ನಿಜಾಮರ ಕಾಲದಲ್ಲಿ ಆಕೆ ಸಣ್ಣವಳಿದ್ದಾಗ ಅಣ್ಣನಿಗೆ ರೊಟ್ಟಿ ಒಯ್ಯುತ್ತಿದ್ದಳು. ಉರ್ದು ಶಾಲೆಯ ಗೋಡೆಯ ಹೊರಗೆ ನಿಂತು ಒಳಗಿನದನ್ನು ಕೇಳುತ್ತಿದ್ದಳು. ಮಾಸ್ತರರು ಹೆಸರು ಕರೆಯುತ್ತಿದ್ದರು, ಹುಡುಗರು ಒಬ್ಬೊಬ್ಬರಾಗಿ "ಹಾಜರ್" ಎನ್ನುತ್ತಿದ್ದರು. ಆ ಮಾತು ಆಕೆಗೆ ಬಹಳ ಹಿಡಿಸಿತ್ತು. ಮನೆಗೆ ಮರಳುವಾಗ ದಾರಿಯಲ್ಲಿ ಜಾಲಿ ಗಿಡಗಳಿಗೆ, ಕುರಿಗಳಿಗೆ ಹಾಜರ್ ಹಾಜರ್ ಎನ್ನುತ್ತ ನಡೆಯುತ್ತಿದ್ದಳು. ಅವಳ ಹೆಸರನ್ನು ಮಾತ್ರ ಯಾರೂ ಕರೆದದ್ದಿಲ್ಲ. ಹಚ್ಚಿದ್ದರೆ ತಾನೇ ಕರೆಯುವುದು?

"ಅರೇ!" ಎಂದರು ಶರಫುದ್ದೀನರು. ದೊಡ್ಡ ಪುಸ್ತಕವೊಂದರ ಮೇಲೆ ಅವರ ಬೆರಳು ನಿಂತಿತ್ತು. "ಲೈಬ್ರರಿಯೊಳಗ ಗಂಗಾಬಾಯಿ ಹೆಸರಿಗೆ ಒಂದು ಪುಸ್ತಕ ಬಾಕಿ ಅದ. ಅರ್ಥಶಾಸ್ತ್ರದ್ದು. ಅದು ಬರದ ಹೊರತು ಪ್ರಿನ್ಸಿಪಾಲರು ಸಹಿ ಹಾಕೂದಿಲ್ಲ. ಪರೀಕ್ಷಾಕ್ಕ ಒಯ್ದು ಮನಿಯೊಳಗ ಬಿಟ್ಟಿರಬೇಕು."

ದೌಲತರಾಯನ ಮುಖ ಇಳಿಯಿತು. ಅತನೂರಿಗೆ ಹೋಗಿ ಬಂದರೆ ನಾಕು ಗಂಟೆ ಎಲ್ಲಿ, ಗುಲಬರ್ಗಾ ಎಲ್ಲಿ?

"ಹ್ಯಾಂಗ ಇರ್ತದ್ರಿ ಆ ಪುಸ್ತಕ?" ಎಂದಳು ನಿಂಬೆವ್ವ.

"ದಪ್ಪ ಅದ. ಹಸಿರು ರಟ್ಟು."

ನಿಂಬೆವ್ವ ನೆಲದ ಮೇಲೆ ಕುಳಿತು ಗಂಟು ಬಿಚ್ಚಿದಳು. ಕೌದಿ ತೆಗೆದಳು, ಸ್ಟೋ ತೆಗೆದಳು, ರೊಟ್ಟಿಯ ಕಟ್ಟು ತೆಗೆದಳು. ಉಪ್ಪಿನಕಾಯಿಯ ಭರಣಿಯ ಪಕ್ಕದಿಂದ ಹಸಿರು ಪುಸ್ತಕ ಎಳೆದು, ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟಳು. ಒಂದು ಮೂಲೆಗೆ ಎಣ್ಣೆ ಹತ್ತಿತ್ತು.

ಶರಫುದ್ದೀನರು ಪುಸ್ತಕವನ್ನು ಮೂಗಿಗೆ ಹಿಡಿದರು. "ಮಾವಿನಕಾಯಿ" ಎಂದರು.

"ಹೋದ ವರ್ಷದ್ದು" ಎಂದಳು ನಿಂಬೆವ್ವ. "ಛಲೋ ಇಳದದ. ಸ್ವಲ್ಪ ಹಾಕ್ಲೇನ್ರಿ?"

"ನಮ್ಮ ಗಂಗೂನ ಪುಣ್ಯಾಕ್ಕ ಕಿರಾಣಿ ಕಟ್ಟಿಸಿದ್ರಿ ನೋಡ್ರಿ" ಎಂದು ದೌಲತರಾಯ ಹಮೀದಾಳ ಕಡೆ ಕೈ ಮುಗಿದ. ಹಮೀದಾ ಈಗ ಮತ್ತೆ ತಲೆ ಎತ್ತಿದಳು. "ನಾ ಹೇಳಲಿಲ್ಲೇನು, ಪ್ರೊವಿಜನ್ ಬೇಕಾಗ್ತದಂತ?"

ಸಹಿಯಾಯಿತು, ಸಿಕ್ಕಾ ಬಿತ್ತು. ಟಿ.ಸಿ.ಯನ್ನು ನಿಂಬೆವ್ವ ಮಗನ ಕೈಗೆ ಕೊಡಲಿಲ್ಲ. ಮಡಚದೆ, ಎದೆಗೆ ಒತ್ತಿಕೊಂಡು ಮೇಲೆ ಸೆರಗು ಹೊದ್ದಳು.

ಸಿಕ್ಕ ಬಸ್ಸು ರಸೂಲನದೇ. ಹತ್ತುತ್ತಿದ್ದ ಹಾಗೆಯೇ ಹಮೀದಾ ಶುರು ಮಾಡಿದಳು. "ಬಾರೋ ಮಗನೇ! ಟಿಕೇಟ್ ಟಿಕೇಟ್ ಅಂತ ಊರು ಕೇಳೂ ಹಂಗ ಒದರ್ತಿ, ಸುದ್ದಿ ಹೇಳೂವಾಗ ಬಾಯಾಗ ಏನು ಬೆಲ್ಲ ಇಟ್ಕೊಂಡಿದ್ದಿ?"

"ನಾ ಏನು ತಪ್ಪು ಹೇಳೀನಿ ಚಾಚಿ? ಅಡ್ಮಿಟ್ ಅಂದೆ, ಅಡ್ಮಿಟ್ ಆಗ್ಯಾಳ. ಟಿ.ಸಿ. ಅಂದೆ, ಟಿ.ಸಿ. ತಂದೀರಿ."

"ಬೇಕು ಅನ್ನೋ ಮಾತು ಎಲ್ಲಿ ಹೋತೋ?"

"ಅದನ್ನ ಎಂಜಿನ್ ತಿಂತು. ಡ್ರೈವರ್‌ನ ಕೇಳ್ರಿ."

ದಾರಿಯುದ್ದಕ್ಕೂ ಬಸ್ಸಿನಲ್ಲಿ ಅದೇ ಮಾತು, ಅದೇ ನಗು. ನಿಂಬೆವ್ವ ಮಾತ್ರ ಕಿಟಕಿಯಿಂದ ಹೊತ್ತು ನೋಡುತ್ತಿದ್ದಳು. ಗಡಿಯಾರ ಆಕೆಗೆ ಬಾರದು, ನೆರಳು ಬರುತ್ತಿತ್ತು. ಗಿಡದ ನೆರಳು ಗಿಡದಷ್ಟೇ ಉದ್ದವಾಗುವುದರೊಳಗೆ ಮುಟ್ಟಬೇಕೆಂದು ಲೆಕ್ಕ ಹಾಕಿದ್ದಳು. ಹಾದಿಗೆ ಅಡ್ಡ ಬಂದ ಕುರಿಹಿಂಡು ದಾಟುವ ತನಕ ಎಂದು ಡ್ರೈವರ್ ಬೀಡಿ ಹಚ್ಚಿದಾಗ ಆಕೆ ಮೊದಲ ಸಲ ಬಾಯಿ ತೆರೆದಳು. "ತಮ್ಮಾ, ಬೀಡಿ ಆಮ್ಯಾಲ ಸೇದು. ನನ್ನ ದಾರಿ ಕಾಯ್ಕೋತ ಒಂದು ಹುಡುಗಿ ನಿಂತದ." ಡ್ರೈವರ್ ಬೀಡಿ ಎಸೆದ.

ಯುನಿವರ್ಸಿಟಿ ಊರ ಹೊರಗೆ. ಟಾಂಗಾದಲ್ಲಿ ಕೌದಿ, ಸ್ಟೋ, ಭರಣಿ, ಬ್ರೆಡ್ಡು ಇಟ್ಟುಕೊಂಡು ಬಂದಿಳಿದ ಮೂವರನ್ನು ಕಂಡು, ಯಾರೋ ಸಂಸಾರ ಸಮೇತ ಎಂ.ಎ. ಓದಲು ಬಂದಿದ್ದಾರೆಂದು ಹುಡುಗರು ದಾರಿ ಬಿಟ್ಟರು.

ಗಂಗೂ ಮೆಟ್ಟಿಲ ಮೇಲೆ ನಿಂತಿದ್ದಳು. ನಿಂತಿದ್ದಳು ಎಂಬುದನ್ನು ನಿಂಬೆವ್ವ ದೂರದಿಂದಲೇ ಕಣ್ಣು ತುಂಬ ನೋಡಿದಳು.

"ಆಯೀ! ನೀ ಯಾಕ ಬಂದಿ? ಹಮೀದಾ ಚಾಚಿ! ಇದೆಲ್ಲ ಏನು?"

"ಪ್ರೊವಿಜನ್ನು" ಎಂದಳು ನಿಂಬೆವ್ವ.

"ಟಿ.ಸಿ.?"

ನಿಂಬೆವ್ವ ಸೆರಗಿನಿಂದ ಕಾಗದ ತೆಗೆದುಕೊಟ್ಟಳು. ಗಂಗೂ ಅದನ್ನು ಹಿಡಿದು ಒಳಗೆ ಓಡಿದಳು, ಹಿಂದೆ ದೌಲತರಾಯ. ಗಡಿಯಾರದಲ್ಲಿ ನಾಕಕ್ಕೆ ಇನ್ನೂ ಸ್ವಲ್ಪ ಇತ್ತು. ಒಳಗಿನಿಂದ "ಗಂಗಾಬಾಯಿ ದೌಲತರಾಯ!" ಎಂಬ ಕೂಗು, "ಯೆಸ್ ಸರ್" ಎಂಬ ಗಂಗೂವಿನ ದನಿ ಹೊರಗಿನ ತನಕ ಕೇಳಿಸಿತು. ಕಿಟಕಿಯ ಹೊರಗೆ ನಿಂತ ನಿಂಬೆವ್ವನ ತುಟಿ ತನಗೆ ತಾನೇ ಅಲುಗಿ, ಹಾಜರ್ ಎಂದಿತು. ಯಾರಿಗೂ ಕೇಳಲಿಲ್ಲ.

ಅಪ್ಪನ ಸಹಿ ಆಗಿ, ಗಂಗೂ ನಗುತ್ತ ಹೊರಗೆ ಬರುವಷ್ಟರಲ್ಲಿ ನಿಂಬೆವ್ವ ವರಾಂಡದಲ್ಲಿ ಗಂಟು ಬಿಚ್ಚಿ ಕೂತಿದ್ದಳು. ಅಲ್ಲಿ ಕಾಯುತ್ತಿದ್ದ ಆಳಂದದ ಹುಡುಗಿಯರಿಗೆ, ಜೇವರ್ಗಿ ಕಡೆಯವರಿಗೆ, ಕಸ ಹೊಡೆಯುವಾಕೆಗೆ, ಎಲ್ಲರಿಗೂ ರೊಟ್ಟಿಯ ಮೇಲೆ ಹಿಂಡಿ ಇಟ್ಟು ಕೊಡುತ್ತಿದ್ದಳು. ಹುಡುಗಿಯರು ಒಂದೊಂದು ತುತ್ತಿಗೆ ಒಂದೊಂದು ಮಾತಿನ ಅರ್ಥ ಹೇಳಿದರು.

"ಹಾಲ್ ಟಿಕೇಟ್ ಅಂದ್ರ ಸಿನಿಮಾದ್ದಲ್ಲ ಆಯಿ, ಪರೀಕ್ಷಾದ್ದು."

"ನಪಾಸಾದ್ರ ದುಡ್ಡು ವಾಪಸ್ ಕೊಡ್ತಾರೇನು?"

"ಇಲ್ಲ."

"ಹಂಗಂದ್ರ ಸಿನಿಮಾದಂಗೇ ಆತು."

"ಅಟೆಂಡೆನ್ಸ್ ಅಂದ್ರ ದಿನಾ ಬಂದಾರೋ ಇಲ್ಲೋ ಬರಕೊಳ್ಳೂದು."

"ಹಾಜರಿ!" ಎಂದಳು ನಿಂಬೆವ್ವ. "ಅದು ನನಗ ಗೊತ್ತದ." ಆ ಒಂದು ಮಾತು ಯಾರೂ ಹೇಳಿಕೊಡದೆ ತಿಳಿದದ್ದಕ್ಕೆ ಆಕೆ ಹಿಗ್ಗಿದಳು.

ಆಚೆ ಕಂಬಕ್ಕೆ ಒರಗಿ ಒಬ್ಬ ಹುಡುಗಿ ಚೀಲದಲ್ಲಿ ಕಾಗದಗಳನ್ನು ಒಂದೊಂದಾಗಿ ಇಡುತ್ತಿದ್ದಳು. ಹಮೀದಾ ಆಕೆಯನ್ನು ಬಿಡುವಳೇ? ಇಜೇರಿಯ ಖುರ್ಷಿದಬೇಗಂ ಎಂಬುದು, ಅಪ್ಪ ಬಸ್ಸು ನೋಡಲು ಹೋಗಿದ್ದಾನೆಂಬುದು, ಹಮೀದಾಳ ಖಾಲಾನ, ಎಂದರೆ ಚಿಕ್ಕಮ್ಮನ, ಮನೆಯ ಹಿಂದಿನ ಮನೆಯವಳೆಂಬುದು ಎಲ್ಲವೂ ಗಳಿಗೆಯಲ್ಲಿ ಹೊರಗೆ ಬಂತು.

"ಯಾಕ ಊಟಾ ಮಾಡೂದಿಲ್ಲ ಅಕಿ?" ಎಂದು ನಿಂಬೆವ್ವ ಗಂಗೂವನ್ನು ಕೇಳಿದಳು.

ಗಂಗೂವಿನ ನಗು ಸಣ್ಣದಾಯಿತು. "ಅಕಿದು ವೇಟಿಂಗ್ ಲಿಸ್ಟ್ ಆಯಿ. ಮೊದಲನೇ ಹೆಸರು. ನಮ್ಮೊಳಗ ಯಾರರೆ ಬರದೇ ಹೋದ್ರ ಅಕಿಗೆ ಸೀಟು. ನೀವು ಈಗ ಬರದೇ ಇದ್ದಿದ್ರ..."

ನಿಂಬೆವ್ವನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಇಡೀ ದಿನ ತಾನು ನೆರಳು ನೋಡುತ್ತ ಬಂದಿದ್ದಳು. ಈ ಕೂಸು ಇಲ್ಲಿ ಕೂತು ಅದೇ ನೆರಳನ್ನು ಇನ್ನೊಂದು ಕಡೆಯಿಂದ ನೋಡುತ್ತಿತ್ತು. ಗೋಡೆಯ ಹೊರಗೆ ನಿಂತು ಒಳಗಿನ ಹೆಸರು ಕೇಳುವುದು ಏನೆಂದು ನಿಂಬೆವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಎದ್ದು ಹೋಗಿ ಖುರ್ಷಿದಳ ಕೈ ಹಿಡಿದು ಎಳೆದು ತಂದು ಕೂರಿಸಿದಳು. ಎರಡು ರೊಟ್ಟಿ, ಹಿಂಡಿ, ಮೇಲೆ ಮಾವಿನ ಹೋಳು. "ಮೊದಲ ತಿನ್ನು. ಇಜೇರಿ ತನಕ ಖಾಲಿ ಹೊಟ್ಟೀಲೆ ಹೋಗೂದಿಲ್ಲ. ದೊಡ್ಡ ದೊಡ್ಡ ತುತ್ತು ಮಾಡು."

ಹುಡುಗಿ ನಾಚುತ್ತ, ಅಜ್ಜಿಯ ಮಾತಿನಂತೆ ದೊಡ್ಡ ತುತ್ತನ್ನೇ ಬಾಯಿಗಿಟ್ಟಳು. ಆಗಲೇ ಕಚೇರಿಯ ಜವಾನ ಬಾಗಿಲಿಗೆ ಬಂದು ಕಾಗದ ನೋಡಿ ಕೂಗಿದ:

"ಅರ್ಥಶಾಸ್ತ್ರ! ಒಂದು ಕ್ಯಾನ್ಸಲ್ ಆಗೇದ!"

ಹಮೀದಾ ಎದೆ ಹಿಡಿದುಕೊಂಡಳು. "ಯಾ ಅಲ್ಲಾ, ಮತ್ತ ಯಾರು?"

"ಯಾರೂ ಸತ್ತಿಲ್ಲ ಚಾಚಿ" ಎಂದಳು ಗಂಗೂ, ಆಕೆಯ ಕಣ್ಣು ಆಗಲೇ ಹೊಳೆಯುತ್ತಿತ್ತು. "ಯಾರೋ ಬ್ಯಾರೆ ಕಡೆ ಸೇರ್ಯಾರ. ಸೀಟು ಖಾಲಿ ಆಗೇದ!"

"ವೇಟಿಂಗ್ ಲಿಸ್ಟು, ಖುರ್ಷಿದಬೇಗಂ!" ಎಂದು ಜವಾನ ಕೂಗಿದ. "ಖುರ್ಷಿದಬೇಗಂ ಅದಾರೇನ್ರಿ? ಇಲ್ಲಂದ್ರ ಮುಂದಿನ ಹೆಸರು..."

ಖುರ್ಷಿದಳ ಬಾಯಿ ತುಂಬ ರೊಟ್ಟಿ. ಕಣ್ಣು ಅಗಲಿಸಿ, ಕೈ ಎತ್ತಿ, ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿದಳು.

ನಿಂಬೆವ್ವ ಎದ್ದು ನಿಂತಳು. ಒಂದು ಕೈ ಹುಡುಗಿಯ ಹೆಗಲ ಮೇಲೆ, ಇನ್ನೊಂದು ಕೈ ಮೇಲಕ್ಕೆ. ಜಾಲಿ ಗಿಡಗಳಿಗೆ, ಕುರಿಗಳಿಗೆ ಹೇಳಿ ಹೇಳಿ ಸವೆಸಿದ ಮಾತನ್ನು, ಆ ದೊಡ್ಡ ವರಾಂಡ ಪೂರ್ತಿ ತಿರುಗಿ ನೋಡುವ ಹಾಗೆ ಕೂಗಿದಳು:

"ಹಾಜರ್!"

ಜವಾನ ನಿಂಬೆವ್ವನನ್ನು ಅಡಿಯಿಂದ ಮುಡಿಯ ತನಕ ನೋಡಿದ. "ನೀವೇ ಏನ್ರಿ ಎಂ.ಎ.ಕ್ಕ?"

ವರಾಂಡವೆಲ್ಲ ನಕ್ಕಿತು. ಹಮೀದಾ ಖುರ್ಷಿದಳ ಬೆನ್ನು ತಟ್ಟಿ ರೊಟ್ಟಿ ಇಳಿಸಿ ಒಳಗೆ ದಬ್ಬಿದಳು. ಬಸ್ಸು ನೋಡಿ ಬಂದ ಆ ಹುಡುಗಿಯ ಅಪ್ಪನ ಕೈಗೆ ದೌಲತರಾಯ ಮೋಸಂಬಿಯ ಚೀಲವನ್ನೇ ಇಟ್ಟುಬಿಟ್ಟ. ಬ್ರೆಡ್ಡನ್ನು ಮಾತ್ರ ಯಾರೂ ಮುಟ್ಟಲಿಲ್ಲ. ರೊಟ್ಟಿ ಇರುವಾಗ ಆರೋಗ್ಯವಾಗಿರುವವರು ಬ್ರೆಡ್ಡು ಯಾಕೆ ತಿಂದಾರು?

ಹೊರಡುವಾಗ ನಿಂಬೆವ್ವ ಮೊಮ್ಮಗಳನ್ನು ಕೇಳಿದಳು, "ಅರ್ಥಶಾಸ್ತ್ರ ಅಂದ್ರ ಈ ಮಾತುಗಳ ಅರ್ಥ ಕಲಿಸೂದೇನು?"

"ಅಲ್ಲ ಆಯಿ. ಅದು ಬ್ಯಾರೆ."

"ಇರಲಿ. ಇದನ್ನೂ ಕಲಿ. ಕಲಿತು ರಸೂಲಗ ಹೇಳಿಕೊಡು."

ಮರುದಿನ ಅತನೂರಿನ ಬೇವಿನ ಗಿಡದ ಕೆಳಗೆ ಬಸ್ಸಿಳಿದಾಗ ಅರ್ಧ ಊರು ಕಾಯುತ್ತಿತ್ತು. ಹೆಂಗಸರು ಸೆರಗು ಬಾಯಿಗಿಟ್ಟು ನಿಂತಿದ್ದರು. ಯಾರೋ ಮುಂದೆ ಬಂದು ಮೆಲ್ಲಗೆ ಕೇಳಿದರು, "ಹ್ಯಾಂಗ ಅದಾಳ ಗಂಗೂ?"

ಹಮೀದಾ ಹೇಳಲು ಬಾಯಿ ತೆರೆದಳು. ನಿಂಬೆವ್ವ ಅವಳ ಕೈ ಚಿವುಟಿದಳು. ಖಾಲಿ ಭರಣಿಯನ್ನು ಕಂಕುಳಲ್ಲಿ ಸರಿ ಮಾಡಿಕೊಂಡು, ಮುಖದಲ್ಲಿ ನಗುವಿನ ಒಂದು ಗೆರೆಯೂ ಇಲ್ಲದೆ ಹೇಳಿದಳು:

"ಪಕ್ಕಾ ಅಡ್ಮಿಟ್ ಆಗ್ಯಾಳವ್ವಾ. ಎರಡು ವರ್ಷ ಬಿಡೂದಿಲ್ಲಂತ."